ಚಾಲೂ ಆಗವಲ್ದ್ರಿ!

ತೊಂಬತ್ತರ ದಶಕದಲ್ಲಿ ಗುಲಬರ್ಗಾದ ಒಂದು ಸಣ್ಣ ಅಂಗಡಿಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ನನ್ನ ಪಾಲಿಗೆ. ವಾರಕ್ಕೊಮ್ಮೆಯಾದರೂ ಫೋನು ಬರುತ್ತಿತ್ತು: "ಚಾಲೂ ಆಗವಲ್ದ್ರಿ!" ಹೋಗಿ ನೋಡಿದರೆ ಎಷ್ಟೋ ಸಲ ಯಂತ್ರಕ್ಕೆ ಏನೂ ಆಗಿರುತ್ತಿರಲಿಲ್ಲ.

ಅಂಜುವ ಯಂತ್ರ

ಅಫಜಲಪುರದಲ್ಲಿ ಒಬ್ಬ ಅಕ್ಕಾವರು ಟೈಪಿಂಗ್ ಕಲಿಸುತ್ತಿದ್ದರು. ಅವರ ಕಂಪ್ಯೂಟರ್ ಬೆಳಿಗ್ಗೆ ಎರಡು ಸಾಲು ಇಂಗ್ಲಿಷ್ ತೋರಿಸಿ ಸುಮ್ಮನೆ ಕೂತುಬಿಡುತ್ತಿತ್ತು. ನಾನು ಬಸ್ಸಿಳಿದು ಬಂದು ಗುಂಡಿ ಒತ್ತಿದರೆ ಸಲೀಸಾಗಿ ಶುರು. ಮೂರು ಸಲ ಹೀಗೇ ಆಯಿತು.

"ನಿಮಗ ಅಂಜತೈತ್ರಿ ಅಣ್ಣಾರ," ಎಂದರು ಅಕ್ಕಾವರು.

ನಾಲ್ಕನೇ ಸಲ ಹೇಳದೆ ಕೇಳದೆ ಹೋದೆ. ನನ್ನನ್ನು ಕಂಡದ್ದೇ ಅವರು ಗಡಬಡಿಸಿ ಯಂತ್ರದಿಂದ ಒಂದು ಫ್ಲಾಪಿ ಹೊರಗೆಳೆದರು.

"ಅದ್ಯಾಕ ಒಳಗಿತ್ರಿ?"

"ಆ ಬಾಯಾಗ ಧೂಳ ಹೋಗಬಾರದಲ್ರಿ? ದಿನಾ ಸಂಜೀಗೆ ಹಾಕಿ ಹೋಗ್ತೇನಿ. ನೀವು ಬರೋ ಮುಂದ ತಗದು ಎಲ್ಲಾ ಸ್ವಚ್ಛ ಮಾಡಿ ಇಡ್ತೇನಿ."

ಫ್ಲಾಪಿ ಒಳಗಿದ್ದರೆ ಯಂತ್ರ ಮೊದಲು ಅದನ್ನೇ ಓದುತ್ತದೆ; ಪಾಪ, ದಿನಾ ಬೆಳಿಗ್ಗೆ ಆ ಖಾಲಿ ಫ್ಲಾಪಿಯಲ್ಲೇ ತನ್ನನ್ನು ಎಬ್ಬಿಸುವವರನ್ನು ಹುಡುಕುತ್ತಿತ್ತು! ಇನ್ನು ಮೇಲೆ ಬರೀ ಒಂದು ಬಟ್ಟೆ ಹೊದಿಸಿ ಎಂದೆ.

"ಹೊದಿಸ್ತೇನ್ರಿ. ಆದ್ರ ನಿಮಗ ಅಂಜತೈತಿ ಅನ್ನೋದಂತೂ ಖರೇರಿ."

ಒರೆಸಿದ ತಪ್ಪು

ಜೇವರ್ಗಿಯ ಒಂದು ಕಚೇರಿಯಲ್ಲಿ ವಯಸ್ಸಾದ ಜವಾನರೊಬ್ಬರಿದ್ದರು. ಕಂಪ್ಯೂಟರ್ ಬಂದಾಗಿನಿಂದ ಮೆತ್ತನೆ ಬಟ್ಟೆಯಿಂದ ಅದರ ಮೂಲೆಮೂಲೆ ಒರೆಸುವುದೇ ಅವರ ದೊಡ್ಡ ಕೆಲಸ. ಒಂದು ದಿನ ಪರದೆ ಕಪ್ಪಾಯಿತು. "ಇವರು ತಿಕ್ಕಿ ತಿಕ್ಕೇ ಕೆಡಿಸ್ಯಾರ್ರಿ, ಮೆಮೋ ಕೊಡ್ತೇನಿ," ಎಂದು ಹೆಡ್‌ಕ್ಲಾರ್ಕ್ ಕುದಿಯುತ್ತಿದ್ದರು. ಜವಾನರು ಬಾಗಿಲ ಬಳಿ ಬಟ್ಟೆ ಹಿಂಡುತ್ತಾ ನಿಂತಿದ್ದರು.

ನೋಡಿದರೆ, ಒರೆಸುವಾಗ ಪರದೆಯ ಕೆಳಗಿನ ನಾಲ್ಕು ತಿರುಪುಗಳಲ್ಲಿ ಬೆಳಕಿನದು ಪೂರಾ ಕೆಳಗೆ ತಿರುಗಿತ್ತು. "ವಯರ್ ಸಡಿಲಾಗಿತ್ರಿ, ಅವರದೇನೂ ತಪ್ಪಿಲ್ಲ," ಎಂದು ಹೆಡ್‌ಕ್ಲಾರ್ಕರಿಗೆ ಹೇಳಿದೆ. ಆಮೇಲೆ ಜವಾನರನ್ನು ಹೊರಗೆ ಕರೆದು, ಈ ತಿರುಪು ಒಂದನ್ನು ಮಾತ್ರ ಮುಟ್ಟಬೇಡಿ ಎಂದೆ. ಅವರ ಕಣ್ಣಲ್ಲಿ ನೀರು ಬಂತು.

ವಾರದಲ್ಲೇ ಮತ್ತೆ ಫೋನು. ಹೋದರೆ ಪರದೆಯ ಅಕ್ಷರಗಳೆಲ್ಲ ಮೇಲಿನ ಮೂಲೆಗೆ ಸರಿದು, ಅರ್ಧ ಹೊರಗೆ ಹೋಗಿದ್ದವು. ಜವಾನರು ಮೆಲ್ಲಗೆ ಬಂದು ಕಿವಿಯಲ್ಲಿ ಹೇಳಿದರು:

"ನೀವು ಹೇಳಿದ್ದು ಮುಟ್ಟಿಲ್ರಿ ಸಾಹೇಬ್ರ. ಉಳಿದ ಮೂರೂ ಛಲೋತ್ನಾಗಿ ಒರಸೇನಿ."

ಗುಪ್ತ ಪದ

ಆಳಂದದ ಒಂದು ಕಾಲೇಜಿನಲ್ಲಿ ಅವತ್ತು ಹಾಲ್ ಟಿಕೆಟ್ ಕೊಡಬೇಕಿತ್ತು. ಕಿಟಕಿಯ ಹೊರಗೆ ಹುಡುಗ ಹುಡುಗಿಯರ ಸಾಲು. ಒಳಗೆ ಕಂಪ್ಯೂಟರ್ ಶುರುವಾಗಬೇಕಾದರೆ ಪಾಸ್‌ವರ್ಡ್ ಕೇಳುತ್ತಿತ್ತು. ಅದನ್ನು ಹಾಕಿದ್ದ ಕ್ಲಾರ್ಕ್ ಹೋದ ವಾರವಷ್ಟೇ ಜೇವರ್ಗಿಗೆ ವರ್ಗವಾಗಿದ್ದ. ಎದುರಿನ ಎಸ್‌ಟಿಡಿ ಬೂತಿನಿಂದ ಅವನಿಗೆ ಫೋನು ಮಾಡಿದೆ.

"ಹೇಳಾಕ ಬರಂಗಿಲ್ರಿ. ಹೋದ ವರ್ಷ ತಂಗಿ ಮದುವಿಗೆ ರಜಾ ಕೊಡ್ಲಿಲ್ಲಂತ ಸಿಟ್ಟಿನ್ಯಾಗ ಪ್ರಿನ್ಸಿಪಾಲರ ಹೆಸರು ಇಟ್ಟೇನ್ರಿ."

"ಹೆಸರಿಟ್ರ ಏನಾತೋ?"

"ನಾವು ಹಿಂದಿನಿಂದ ಕರಿಯೋ ಹೆಸರ್ರಿ... ಎಮ್ಮಿ. ನಿಮ್ಮ ಕಾಲ ಬೀಳ್ತೇನಿ, ಅವರಿಗೆ ಹೇಳಬ್ಯಾಡ್ರಿ. ನನ್ನ ಸರ್ವಿಸ್ ಬುಕ್ ಇನ್ನೂ ಅವರ ಕೈಯಾಗೈತಿ!"

ಇಂಗ್ಲಿಷಿನಲ್ಲಿ ಹೇಗೆ ಬರೆದಿದ್ದಾನೆಂದು ಅಕ್ಷರ ಅಕ್ಷರ ಕೇಳಿಕೊಂಡು ಬಂದೆ. ಪಕ್ಕದಲ್ಲೇ ನಿಂತಿದ್ದ ಪ್ರಿನ್ಸಿಪಾಲರಿಗೆ ಕಾಣದಂತೆ ಮೈ ಅಡ್ಡ ಇಟ್ಟು ಪಾಸ್‌ವರ್ಡ್ ಹೊಡೆದೆ. ಕಂಪ್ಯೂಟರ್ ಶುರುವಾಯಿತು, ಮುದ್ರಣವೂ ಶುರುವಾಯಿತು. ಬ್ಯಾಗು ಎತ್ತಿಕೊಳ್ಳುವಷ್ಟರಲ್ಲಿ ಪ್ರಿನ್ಸಿಪಾಲರು ರಿಜಿಸ್ಟರ್ ತೆರೆದು ಪೆನ್ನು ಹಿಡಿದರು.

"ಏನದು ಹೇಳ್ರಿ. ಬರದು ಇಡ್ತೇನಿ. ಮತ್ತ ಹಿಂಗ ಪರೇಶಾನಿ ಆಗಬಾರದು."

ನಾನು ಬ್ಯಾಗಿನ ಪಟ್ಟಿ ಸರಿಪಡಿಸುತ್ತಾ ಹೇಳಿದೆ: "ಅದು... ಒಂದು ಪ್ರಾಣಿ ಹೆಸರ್ರಿ ಸರ್."

ಅವರು ಪೆನ್ನು ಕೆಳಗಿಟ್ಟರು. ಕಿಟಕಿಯತ್ತ ನೋಡಿದರು. ಆಮೇಲೆ ಕಪಾಟಿನಿಂದ ಕ್ಲಾರ್ಕನ ಸರ್ವಿಸ್ ಬುಕ್ ತೆಗೆದು, ಸಹಿ ಹಾಕಿ, ಇವತ್ತೇ ಜೇವರ್ಗಿಗೆ ಕಳಿಸಿ ಎಂದು ಟೇಬಲ್ಲಿನ ಮೇಲಿಟ್ಟರು. ನನ್ನತ್ತ ಬಾಗಿ, ದನಿ ತಗ್ಗಿಸಿ ಕೇಳಿದರು:

"ಮುಂಜಾನೆ ಎಲ್ಲಕ್ಕಿಂತ ಮೊದ್ಲು ನಾ ಅದನ್ನ ಹೊಡದು ನೋಡಿದ್ನಿರಿ. ಆಗ್ಲಿಲ್ಲ. ಇಂಗ್ಲಿಷಿನ್ಯಾಗ ಎಮ್ಮಿಗೆ ಮೊದ್ಲ 'ವೈ' ಹಚ್ಯಾನೇನ್ರಿ ಅವ?"