ಕೊನೆಗೆ ಬಂದವನ ಗೇಟು

ಗುಂಪಿನಲ್ಲಿ ಕೊನೆಗೆ ಬಂದವನು ಗೇಟು ಹಾಕಬೇಕು. ಹೊಲಗಳ ನಡುವೆ ನಡೆಯುವವರಿಗೆ ಇದು ವೇದವಾಕ್ಯ. ಇದನ್ನು ಹೇಳಿದವನು ಜನ್ಮದಲ್ಲಿ ಒಮ್ಮೆಯೂ ಕೊನೆಗೆ ಬಂದಿರಲಾರ ಎಂದು ನಾರ್ಮನ್ ಪಿಕಲ್ಸ್‌ಗೆ ಖಾತ್ರಿಯಾಗಿತ್ತು.

ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿಗೆ ಇಂಗ್ಲೆಂಡನ್ನು ನಡೆದೇ ದಾಟಬೇಕೆಂಬುದು ಹೆಂಡತಿಯ ಅಣ್ಣ ಕ್ಲೈವ್‌ನ ಹುಮ್ಮಸ್ಸು. ಹೆಂಡತಿ ಬೆರಿಲ್ ಹೂಂ ಅಂದಳು. ಪಕ್ಕದ ಮನೆಯ ವಿಧವೆ ಡಾಫ್ನೆ ತಾನೂ ಬರುತ್ತೇನೆಂದಳು. ನಾರ್ಮನ್‌ನನ್ನು ಯಾರೂ ಕೇಳಲಿಲ್ಲ. ಅವನ ಕಾಲಿನ ಅಳತೆ ಮಾತ್ರ ಕೇಳಿದರು.

ಈಗ ಯಾರ್ಕ್‌ಶೈರಿನ ಗುಡ್ಡಗಳಲ್ಲಿ, ಹೊಸ ಬೂಟು ಕಚ್ಚಿ, ಹಿಮ್ಮಡಿಯ ಬೊಬ್ಬೆ ಹೆಜ್ಜೆಗೊಮ್ಮೆ ಬೊಬ್ಬೆ ಹೊಡೆಯುತ್ತಿತ್ತು. ಅವನಿಗೆ ಬೇಕಾಗಿದ್ದುದು ಇಷ್ಟೇ: ಎಲ್ಲಾದರೂ ಕೂತು, ಬೂಟು ಬಿಚ್ಚಿ, ಕ್ಲೈವ್‌ನ ಫ್ಲಾಸ್ಕಿನಿಂದ ಒಂದು ಲೋಟ ಬಿಸಿ ಚಹಾ.

ಅದೇ ಆಗುತ್ತಿರಲಿಲ್ಲ. ಕುಂಟುವವನು ಹಿಂದೆ ಬೀಳುತ್ತಾನೆ. ಹಿಂದೆ ಬಿದ್ದವನು ಗೇಟು ಹಾಕುತ್ತಾನೆ. ಗೇಟು ಹಾಕುವವನು ಇನ್ನಷ್ಟು ಹಿಂದೆ ಬೀಳುತ್ತಾನೆ. ಒಂದು ಗೇಟಿಗೆ ಸರಪಳಿ, ಒಂದಕ್ಕೆ ಹಗ್ಗ, ಮತ್ತೊಂದನ್ನು ಕುಡಿದು ಬಿದ್ದ ನೆಂಟನಂತೆ ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಬೇಕು. ಅಷ್ಟರಲ್ಲಿ ಮುಂದಿನವರು ಕಲ್ಲುಗೋಡೆಯ ಮೇಲೆ ಕೂತು ಚಹಾ ಕುಡಿದು ಮುಗಿಸಿರುತ್ತಿದ್ದರು.

"ಬಂದ್ಯಾ? ಸರಿ, ಎಲ್ಲರೂ ಬಂದಂಗಾಯ್ತು. ಏಳಿ, ಹೊರಡೋಣ!" ಎಂದು ಕ್ಲೈವ್ ಎದ್ದ.

"ನಾನು ಈಗ ತಾನೇ..."

"ನಿನಗೋಸ್ಕರಾನೇ ಇಷ್ಟೊತ್ತು ಕಾದಿದ್ದು, ಮಾರಾಯ!"

"ಬೊಬ್ಬೇನ ನಿರ್ಲಕ್ಷ್ಯ ಮಾಡ್ಬಾರದು ನಾರ್ಮನ್," ಎಂದಳು ಡಾಫ್ನೆ. "ನಮ್ಮೆಜಮಾನರಿಗೂ ಹೀಗೇ ಆಗಿತ್ತು."

"ಆಮೇಲೆ?"

"ತೀರಿಕೊಂಡ್ರು."

"ಬೊಬ್ಬೆಯಿಂದಾನಾ?"

"ಇಲ್ಲಪ್ಪ, ಅದು ಬೇರೆ."

ಮಧ್ಯಾಹ್ನ ಮೂವರೂ ಗುಡ್ಡದ ತಿರುವಿನಲ್ಲಿ ಮರೆಯಾದಾಗ ನಾರ್ಮನ್ ನಕ್ಷೆ ಬಿಚ್ಚಿದ. ದಾರಿ ಗುಡ್ಡವನ್ನು ಸುತ್ತಿಕೊಂಡು ಸೇತುವೆಗೆ ಹೋಗುತ್ತಿತ್ತು. ಬಲಕ್ಕಿದ್ದ ಕುರಿಹೊಲದ ಅಡ್ಡದಾರಿ ನೆಟ್ಟಗೆ ಅಲ್ಲಿಗೇ ಇಳಿಯುತ್ತಿತ್ತು. ಸೇತುವೆಯ ಪಕ್ಕ ಬೆಂಚಿದೆಯೆಂದು ಬೆಳಿಗ್ಗೆ ಹೋಟೆಲಿನವಳು ಹೇಳಿದ್ದಳು. ಇವತ್ತು ನಾನೇ ಮೊದಲು! ಅವನು ಬಲಕ್ಕೆ ತಿರುಗಿ, ಹೊಲದ ಗೇಟು ತೆಗೆದು, ಮದುಮಗನ ಗತ್ತಿನಲ್ಲಿ ಒಳಗೆ ನಡೆದ. ಗೇಟನ್ನು ತಿರುಗಿಯೂ ನೋಡಲಿಲ್ಲ. ಕೊನೆಗೆ ಬಂದವರು ಹಾಕಿಕೊಳ್ಳಲಿ.

ಹೊಲದ ಆ ತುದಿ ಮುಟ್ಟುವ ಹೊತ್ತಿಗೆ ಹೊಳೆಯಿತು: ಈ ದಾರಿಯಲ್ಲಿ ತನ್ನ ಹಿಂದೆ ಯಾರೂ ಇಲ್ಲ. ತಿರುಗಿ ನೋಡಿದರೆ, ಭಾನುವಾರದ ಪ್ರಾರ್ಥನೆ ಮುಗಿಸಿದ ಹೆಂಗಸರಂತೆ ಕುರಿಗಳು ಸಾಲಾಗಿ, ಸಾವಕಾಶವಾಗಿ ಗೇಟು ದಾಟಿ ಹೊರಗೆ ಹೋಗುತ್ತಿದ್ದವು. ಗೇಟಿನ ಬಳಿ ಒಬ್ಬ ಮುದುಕಿ, ಪಕ್ಕದಲ್ಲೊಂದು ನಾಯಿ.

"ಏನಪ್ಪಾ, ನಿಮ್ಮನೇಲಿ ಬಾಗಿಲು ಹಾಕೋಕೆ ಆಳಿಟ್ಟಿದ್ದೀರಾ?" ಎಂದು ಅವಳು ಅಲ್ಲಿಂದಲೇ ಕೂಗಿದಳು.

ನಾರ್ಮನ್ ಕುಂಟುತ್ತ ವಾಪಸು ಬಂದ. "ಅದು... ಕೊನೆಗೆ ಬಂದವರು ಹಾಕ್ಬೇಕು ಅಂತ..."

"ಕೊನೆಗೆ ಬಂದೋರು ಇವೇ ನೋಡು," ಎಂದು ಅವಳು ಕುರಿಗಳನ್ನು ತೋರಿಸಿದಳು. "ಹೇಳು, ಹಾಕ್ತಾವೇನೋ."

"ನಿಮ್ಮ ನಾಯಿ...?"

"ಅದಕ್ಕೆ ಕಾಲು ನೋವು. ನೀನೇ ಓಡು."

ನಾರ್ಮನ್ ಓಡಿದ. ಎಡಕ್ಕೆ ಓಡಿದರೆ ಕುರಿಗಳು ಬಲಕ್ಕೆ, ಬಲಕ್ಕೆ ಓಡಿದರೆ ಎಡಕ್ಕೆ. ನಾಯಿ ಹುಲ್ಲಿನ ಮೇಲೆ ಕಾಲು ಚಾಚಿ ಮಲಗಿ, ಹೊಸ ಕೆಲಸಗಾರನನ್ನು ಮೇಲಧಿಕಾರಿ ನೋಡುವಂತೆ ನೋಡಿತು. ಕೊನೆಯ ಕುರಿಯನ್ನು ಒಳಗೆ ತಳ್ಳಿ ಸೇತುವೆ ತಲುಪುವಾಗ ಅವನ ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗಿತ್ತು.

ಬೆಂಚು ಖಾಲಿಯಿತ್ತು! ಕೂತ. ಬೂಟಿನ ದಾರಕ್ಕೆ ಕೈ ಹಾಕಿದ.

"ಅಯ್ಯೋ, ಇಲ್ಲಿದ್ದೀಯಾ!" ಕ್ಲೈವ್ ಬರುತ್ತಿದ್ದ. ಹಿಂದೆ ಹೆಂಗಸರಿಬ್ಬರು, ಆಗ ತಾನೇ ಮಿಂದೆದ್ದ ಹಾಗೆ ತಾಜಾ. "ನೀನು ಹಿಂದಿದ್ದೀಯ ಅಂತ ಕಾದೂ ಕಾದೂ ಚಹಾ ಎಲ್ಲ ಖಾಲಿ ಮಾಡಿದ್ವಿ."

"ನಿನ್ನ ಪಾಲಿನ ಪೈ ಕೂಡ ತಿಂದ್ವಿ," ಎಂದಳು ಬೆರಿಲ್. "ಸುಮ್ನೆ ಕೆಟ್ಟು ಹೋಗುತ್ತಲ್ಲ ಅಂತ."

"ನಾನೊಂದು ನಿದ್ದೇನೂ ತೆಗೆದೆ," ಎಂದಳು ಡಾಫ್ನೆ.

"ನೋಡು ಇವನನ್ನ!" ಎಂದ ಕ್ಲೈವ್. "ನಾವು ಅಲ್ಲಿ ಆತಂಕದಲ್ಲಿ, ಇವನು ಇಲ್ಲಿ ಮಹಾರಾಜನ ಹಾಗೆ ಬೆಂಚಿನ ಮೇಲೆ! ರೆಸ್ಟ್ ತಗೊಂಡಿದ್ದು ಸಾಕು, ಏಳು. ಇಷ್ಟು ಬೇಗ ನಡೀತೀಯಲ್ಲ, ಇನ್ಮೇಲೆ ನೀನೇ ಮುಂದೆ."

ಏಳಲೇಬೇಕಾಯಿತು. ಆದರೆ ಮುಂದೆ ಹೋಗುವವನು ಮೊದಲು ಕೂರುತ್ತಾನೆ ಎಂಬುದು ನಾರ್ಮನ್‌ಗೆ ತಟ್ಟನೆ ಹೊಳೆಯಿತು. ಬೊಬ್ಬೆಯನ್ನು ಮರೆತು ಹೆಜ್ಜೆ ಹಾಕಿದ. ಮುಂದಿನ ಗೇಟು ತೆಗೆದು ಎಲ್ಲರಿಗಿಂತ ಮೊದಲು ದಾಟಿದ. ಅಗೋ, ಅಲ್ಲೊಂದು ಚಪ್ಪಟೆ ಬಂಡೆ, ಬಿಸಿಲಿಗೆ ಬೆಚ್ಚಗಾಗಿ ಅವನಿಗಾಗಿಯೇ ಕಾದಿತ್ತು. ಮಂಡಿ ಬಗ್ಗಿಸುತ್ತ ಒಮ್ಮೆ ಹಿಂದೆ ನೋಡಿದ.

ಮೂವರೂ ದಾಟಿ ಬರುತ್ತಿದ್ದರು. ಗೇಟು ಹಾರು ಹೊಡೆದಿತ್ತು. ಆಚೆ ಕುರಿಗಳು ಮೇಯುವುದು ಬಿಟ್ಟು ತಲೆಯೆತ್ತಿದ್ದವು.

"ಡಾಫ್ನೆ! ಗೇಟು!"

ಡಾಫ್ನೆ ಆಶ್ಚರ್ಯದಿಂದ ನೋಡಿದಳು. "ಅದು ನಿನ್ನ ಕೆಲಸ ಅಲ್ವಾ?"

ನಾರ್ಮನ್ ಕುಂಟುತ್ತ ಹಿಂದಕ್ಕೆ ಹೋದ. ಗೇಟನ್ನು ಎತ್ತಿದ, ನಿಲ್ಲಿಸಿದ, ಸರಪಳಿ ಸಿಕ್ಕಿಸಿದ. ಮತ್ತೆ ಕುಂಟುತ್ತ ಬಂಡೆಯ ಬಳಿ ಬಂದ.

ಬಂಡೆಯ ಮೇಲೆ ಕೂತಿದ್ದ ಮೂವರಲ್ಲಿ ಕ್ಲೈವ್ ಮೊದಲು ಎದ್ದು ಪ್ಯಾಂಟು ಕೊಡವಿಕೊಂಡ.

"ಬಂದ್ಯಾ?"