ಸಕ್ಕರೆ ಕನ್ನಡದಲ್ಲಿ ಕಟ್ಟಿಕೊಡಿ

ನನ್ನ ತಂಗಿಯಷ್ಟು ಓದಿದ ಹುಡುಗಿ ಆ ಕಾಲದಲ್ಲಿ ಇಡೀ ಹೊಸೂರಿನಲ್ಲಿ ಇರಲಿಲ್ಲ. ಆದರೆ ಹತ್ತು ವರ್ಷ ತುಂಬುವವರೆಗೆ ಅವಳು ಪಾಠದ ಪುಸ್ತಕ ಬಿಟ್ಟರೆ ಬೇರೆ ಒಂದೇ ಒಂದು ಪುಸ್ತಕವನ್ನೂ ಮುಟ್ಟಿರಲಿಲ್ಲ! ಅದು ಹೇಗೆ ಸಾಧ್ಯ ಎನ್ನುತ್ತೀರಾ? ನೀವು ಕಡಲೆಬೇಳೆಯ ಪೊಟ್ಟಣ ಬಿಚ್ಚಿ, ಬೇಳೆಯನ್ನು ಡಬ್ಬಕ್ಕೆ ಸುರಿದು, ಕಾಗದವನ್ನು ಒಲೆಗೆ ಹಾಕಿದ್ದೀರಲ್ಲ? ನನ್ನ ತಂಗಿಯ ಲೆಕ್ಕದಲ್ಲಿ ನೀವು ಇಟ್ಟುಕೊಳ್ಳಬೇಕಾದದ್ದನ್ನು ಸುಟ್ಟು, ಬೇಡದ್ದನ್ನು ಡಬ್ಬದಲ್ಲಿ ಜೋಪಾನ ಮಾಡಿದವರು.

ಅವಳ ಹೆಸರು ಮಾತ್ರ ಹೇಳುವುದಿಲ್ಲ. ಅವಳ ಚಟ ಇನ್ನೂ ಬಿಟ್ಟಿಲ್ಲ. ನಾನು ಬರೆದ ಇದೇ ಹಾಳೆ ಯಾವತ್ತೋ ಒಂದು ದಿನ ನಾಲ್ಕು ಬೋಂಡ ಕಟ್ಟಿಕೊಂಡು ಅವಳ ಕೈ ಸೇರಿದರೆ ನನ್ನ ಗತಿ ಏನು?

ಎಪ್ಪತ್ತರ ದಶಕದ ಕೊನೆಯ ಮಾತು. ದಿನಸಿ ಎಲ್ಲವೂ ಕಾಗದದಲ್ಲಿ ಬರುತ್ತಿದ್ದ ಕಾಲ. ನಮ್ಮ ಬೀದಿಯ ಶೆಟ್ಟರ ಅಂಗಡಿಗೆ ರದ್ದಿ ಮೂರು ದಿಕ್ಕಿನಿಂದ ಬರುತ್ತಿತ್ತು. ಬೆಂಗಳೂರಿನ ಕಡೆಯಿಂದ ಕನ್ನಡ, ಸೇಲಂ ಕಡೆಯಿಂದ ತಮಿಳು, ಕುಪ್ಪಂ ಕಡೆಯಿಂದ ತೆಲುಗು. ಶೆಟ್ಟರಿಗೆ ಮೂರೂ ಒಂದೇ, ಹರಿಯದಿದ್ದರೆ ಸಾಕು. ನನ್ನ ತಂಗಿಗೆ ಹಾಗಲ್ಲ. ಗಲ್ಲದ ಮಟ್ಟಕ್ಕಿದ್ದ ಕಟ್ಟೆಗೆ ಮುಖ ಒತ್ತಿ ನಿಂತು ಅವಳು ಗಂಭೀರವಾಗಿ ಹೇಳುತ್ತಿದ್ದಳು:

"ಶೆಟ್ರೇ, ಸಕ್ಕರೆ ಕನ್ನಡದಲ್ಲಿ ಕಟ್ಟಿಕೊಡಿ."

ಮೊದಲ ಸಲ ಶೆಟ್ಟರು ಕನ್ನಡಕ ತೆಗೆದು ಒರೆಸಿಕೊಂಡರಂತೆ. ಆಮೇಲೆ ಅವರಿಗೇ ಅದು ಅಭ್ಯಾಸವಾಗಿಹೋಯಿತು. ಹೊಸದಾಗಿ ವರ್ಗವಾಗಿ ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರಿಗೆ ಒಂದು ದಿನ ಬಾಯಿ ತಪ್ಪಿ, ಮೆಣಸಿನಕಾಯಿ ಯಾವ ಭಾಷೆಯಲ್ಲಿ ಬೇಕು ಸಾರ್ ಎಂದು ಕೇಳಿಬಿಟ್ಟರು. ಗಡಿ ಊರಿನ ರೀತಿನೀತಿ ಹೀಗೇ ಇರಬೇಕೆಂದುಕೊಂಡ ಆ ಪುಣ್ಯಾತ್ಮರು ಸ್ವಲ್ಪ ಯೋಚಿಸಿ, ಯಾವುದಾದರೂ ಸರಿ, ಖಾರ ಇದ್ದರೆ ಸಾಕು ಎಂದರಂತೆ!

ಅವಳ ಇನ್ನೊಂದು ಉಪಾಯ ಕೇಳಿ. ಅಮ್ಮ ಅರ್ಧ ಕಿಲೋ ಬೇಳೆ ತರಲು ಕಳಿಸಿದರೆ ಇವಳು ಅದನ್ನು ಐದು ಪೊಟ್ಟಣ ಮಾಡಿಸಿಕೊಂಡು ಬರುತ್ತಿದ್ದಳು. ಒಂದು ಪೊಟ್ಟಣಕ್ಕೆ ಒಂದೇ ಹಾಳೆ, ಐದು ಪೊಟ್ಟಣಕ್ಕೆ ಐದು ಹಾಳೆ! ಸಾಮಾನು ತಂದೆಯೋ, ದೇವಸ್ಥಾನದ ಪ್ರಸಾದ ತಂದೆಯೋ ಎಂದು ಅಮ್ಮ ಗೊಣಗುತ್ತ ಒಂದೊಂದೇ ಬಿಚ್ಚುವಾಗ ಇವಳು ಪಕ್ಕದಲ್ಲೇ ಕಾಯುತ್ತಿದ್ದಳು. ಸುಕ್ಕುಗಟ್ಟಿದ ಹಾಳೆಯನ್ನು ಚಾಪೆಯ ಮೇಲೆ ಹರಡಿ, ಬಿಸಿನೀರು ತುಂಬಿದ ಚೊಂಬಿನಿಂದ ಇಸ್ತ್ರಿ ಮಾಡಿ, ಹರಿದ ಕಡೆ ಗಂಜಿ ಹಚ್ಚಿ ಅಂಟಿಸಿ, ಆಮೇಲೆ ಓದು. ಓದಿದ್ದು ಮಂಚದ ಕೆಳಗಿನ ಟ್ರಂಕಿಗೆ. ಅಲ್ಲಿ ಜೋಡಿಸಿದ್ದು ತಾರೀಕಿನ ಪ್ರಕಾರವಲ್ಲ, ವಾಸನೆಯ ಪ್ರಕಾರ. ಧನಿಯಾ ಒಂದು ಕಡೆ, ಬೆಲ್ಲ ಒಂದು ಕಡೆ. ನಾಡಿನ ಆಡಳಿತದ ವಿಷಯ ಕೇಳಿದರೆ ಅದು ಇಂಗಿನ ಕಾಗದದಲ್ಲಿದೆ ಎಂದು ಕಣ್ಣು ಮುಚ್ಚಿ ಎಳೆದುಕೊಡುತ್ತಿದ್ದಳು. ಬೆಲ್ಲದ ಕಾಗದಗಳಿಗೆ ಇರುವೆ ಮುತ್ತಿದರೆ ಕೊಡವುತ್ತಲೂ ಇರಲಿಲ್ಲ, ಓದಿ ಹೋಗಲಿ ಬಿಡು ಅನ್ನುತ್ತಿದ್ದಳು.

ಬೋಂಡ ಕಟ್ಟಿದ ಕಾಗದವೆಂದರೆ ಅವಳಿಗೆ ಹಬ್ಬ. ಎಣ್ಣೆ ಹೀರಿದ ಕಾಗದವನ್ನು ಕಿಟಕಿಗೆ ಹಿಡಿದರೆ ಎರಡೂ ಬದಿ ಒಟ್ಟಿಗೆ ಕಾಣುತ್ತದೆ. ಹಿಂದಿನ ಬದಿ ತಿರುವುಮುರುವಾಗಿರುತ್ತದಲ್ಲ ಎನ್ನಬೇಡಿ, ಅದನ್ನೂ ಸರಾಗವಾಗಿ ಓದುತ್ತಿದ್ದಳು! ಒಮ್ಮೆ ಈ ಬದಿಯಲ್ಲಿ ಯಾರದ್ದೋ ಮದುವೆಯ ಸುದ್ದಿ, ಆ ಬದಿಯಲ್ಲಿ ದನದ ಸಂತೆಯ ಸುದ್ದಿ. ವಧುವಿಗೆ ಆರು ಹಲ್ಲು, ಉಳುಮೆಗೆ ಗಟ್ಟಿ ಎಂದು ಅವಳು ಓದಿ ಹೇಳಿದಾಗ ಅಪ್ಪ ನುಂಗುತ್ತಿದ್ದ ಬೋಂಡ ನೆತ್ತಿಗೇರಿತು.

ಇನ್ನು ಶಾಲೆ. ಶೆಟ್ಟರು ಇವಳ ಓದಿಗೆ ಮೆಚ್ಚಿ ತಮ್ಮ ಕಿವಿಯ ಮೇಲಿದ್ದ ಇಂಕು ಪೆನ್ಸಿಲ್ಲಿನ ತುಂಡೊಂದನ್ನು ಬಹುಮಾನವಾಗಿ ಕೊಟ್ಟಿದ್ದರು. ನಾಲಿಗೆಗೆ ಮುಟ್ಟಿಸಿ ಬರೆದರೆ ನೇರಳೆ ಬಣ್ಣದಲ್ಲಿ ಮೂಡುವ ಪೆನ್ಸಿಲ್ಲು. ಅಂದಿನಿಂದ ಅವಳ ನಾಲಿಗೆ, ತುಟಿ, ನೋಟ್ ಬುಕ್ಕು ಎಲ್ಲವೂ ನೇರಳೆ. ಏನೋ ಕಾಯಿಲೆಯೆಂದು ಹೆದರಿ ಟೀಚರು ಒಂದು ದಿನ ಮನೆಗೇ ಕಳಿಸಿದ್ದರು. ಕನ್ನಡ ಪರೀಕ್ಷೆಯಲ್ಲಿ 'ನಮ್ಮ ಹಸು' ಎಂಬ ಪ್ರಬಂಧ ಕೇಳಿದ್ದರು. ಎಲ್ಲರ ಹಸುವೂ ಹಾಲು, ಸಗಣಿ ಕೊಟ್ಟು ಸುಮ್ಮನಾದರೆ ಇವಳ ಹಸು ಹಗ್ಗ ಕಿತ್ತುಕೊಂಡು ಹೆದ್ದಾರಿಗೆ ಬಂತು. ಕೃಷ್ಣಗಿರಿ ಕಡೆಯಿಂದ ಮಾವಿನಹಣ್ಣಿನ ಲಾರಿ ಜೋರಾಗಿ ಬರುತ್ತಿತ್ತು. ಡ್ರೈವರನಿಗೆ ತೂಕಡಿಕೆ. ಹಸು ತಲೆ ಎತ್ತಿ ನೋಡಿತು... ಅಷ್ಟಕ್ಕೆ ನಿಲ್ಲಿಸಿ ಕೆಳಗೆ ನೇರಳೆ ಅಕ್ಷರದಲ್ಲಿ 'ಮುಂದುವರಿಯುವುದು' ಎಂದು ಬರೆದಿದ್ದಳು!

ಮೇಷ್ಟ್ರು ಅಪ್ಪನನ್ನು ಕರೆಸಿದರು. ಅಪ್ಪ ಇವಳನ್ನು ಬೈದರು. ಫಲ? ಮುಂದಿನ ಪರೀಕ್ಷೆಗೆ 'ನಮ್ಮ ಶಾಲೆ' ಬಂದಾಗ ಇವಳು, 'ಕಳೆದ ಪರೀಕ್ಷೆಯಲ್ಲಿ: ಹಗ್ಗ ಕಿತ್ತುಕೊಂಡ ಹಸು ಲಾರಿಗೆ ಎದುರಾಗಿತ್ತು' ಎಂದು ಶುರುಮಾಡಿ, ಲಾರಿ ತಪ್ಪಿಸಿಕೊಂಡ ಹಸುವನ್ನು ನೇರವಾಗಿ ಹೆಡ್ ಮೇಷ್ಟ್ರ ಕೋಣೆಗೆ ನುಗ್ಗಿಸಿದಳು. ಆ ಮೇಷ್ಟ್ರು ಆಮೇಲಾಮೇಲೆ ಉತ್ತರಪತ್ರಿಕೆಯ ಕಟ್ಟು ಬಿಚ್ಚಿದರೆ ಮೊದಲು ಇವಳದ್ದನ್ನೇ ಹುಡುಕುತ್ತಿದ್ದರಂತೆ, ಹಸು ಈಗ ಎಲ್ಲಿದೆ ಎಂದು ನೋಡಲು.

ನಾನು ಅವಳಿಗಿಂತ ಆರು ವರ್ಷ ದೊಡ್ಡವನು. ಊರು ತಮಿಳುನಾಡಿಗೆ ಸೇರಿದ್ದಲ್ಲವೇ, ಕೆಲಸ ಸಿಗಲಿ ಎಂದು ಅಪ್ಪ ನನ್ನನ್ನು ತಮಿಳು ಮಾಧ್ಯಮಕ್ಕೆ ಹಾಕಿದ್ದರು. ಮನೆಯಲ್ಲಿ ಆಡುವುದು ಕನ್ನಡ, ಓದಲು ಬರುವುದು ತಮಿಳು. ಇದು ಅವಳಿಗೆ ಸಹಿಸಲಾಗದ ವಿಷಯ. ರಾಗಿಹಿಟ್ಟಿನ ಪೊಟ್ಟಣ ಹಿಡಿದು ನನಗೆ ಅಕ್ಷರ ಕಲಿಸಲು ಕೂತಳು. ನನ್ನ 'ಅ' ಶುರುವಾದದ್ದು ಅಡಿಕೆ ಧಾರಣೆಯಿಂದ! ಈಗ ಇಷ್ಟು ಬರೆಯುತ್ತಿದ್ದೇನಲ್ಲ, ಅದು ಆ ಪೊಟ್ಟಣಗಳ ಪುಣ್ಯ. ಆದರೆ ಆಗ ಒಂದು ಸಾಲು ಓದಲು ನನಗೆ ಅರ್ಧ ಗಂಟೆ ಬೇಕಾಗುತ್ತಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ.

ಹೀಗಿರುವಾಗ ಅಂಚೆಟ್ಟಿಯಿಂದ ಅಜ್ಜಿ ಬಂದಳು. ಬಂದಳು ಎನ್ನುವುದಕ್ಕಿಂತ ಹೊತ್ತು ತಂದೆವು. ಜಾರಿ ಬಿದ್ದು ಸೊಂಟ ಮುರಿದಿತ್ತು. ಕಾಡು, ದನ, ಹೊಲ ಎಂದು ಓಡಾಡಿಕೊಂಡಿದ್ದವಳು ನಮ್ಮ ನಡುಮನೆಯ ಮಂಚಕ್ಕೆ ಬಿದ್ದಳು. ಅಪ್ಪನಿಗೆ ಕಚೇರಿ, ಅಮ್ಮನಿಗೆ ಒಲೆ, ನನಗೆ ಫುಟ್‌ಬಾಲು. ಅವಳ ಹತ್ತಿರ ಕೂರುವವರು ಯಾರು? ಅನ್ನ ಮುಟ್ಟದೆ ಗೋಡೆಗೆ ತಿರುಗಿಕೊಂಡು, ನನ್ನ ಊರಿಗೆ ಕಳಿಸಿಬಿಡಿ, ಅಲ್ಲೇ ಸಾಯುತ್ತೇನೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಅವಳು ಇನ್ನು ಹೆಚ್ಚು ದಿನ ಇರಲಾರಳು ಎಂದು ಅಪ್ಪ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಆ ಮಂಚದ ಕೆಳಗೇ ತಂಗಿಯ ಟ್ರಂಕಿತ್ತು. ಒಂದು ಸಂಜೆ ಅವಳು ಅಲ್ಲೇ ಕೂತು ಗಟ್ಟಿಯಾಗಿ ಒಂದು ಧಾರಾವಾಹಿಯ ತುಂಡು ಓದಿಕೊಳ್ಳುತ್ತಿದ್ದಳು. ಅತ್ತೆಮನೆ ಬಿಟ್ಟು ಬಂದ ಹೆಂಗಸೊಬ್ಬಳು ರೈಲ್ವೆ ಸ್ಟೇಷನ್ನಿನಲ್ಲಿ ಟ್ರಂಕಿನ ಮೇಲೆ ಕೂತಿದ್ದಾಳೆ, ತವರಿಗೆ ಹೋಗುವುದೋ ಬೇಡವೋ ತಿಳಿಯದು. ಪ್ರತಿ ಕಂತಿಗೂ ಅವಳ ಚಿತ್ರ. ಕಥೆಯ ಹೆಸರು ನಮಗೆ ಕೊನೆಗೂ ಗೊತ್ತಾಗಲಿಲ್ಲ, ಶೆಟ್ಟರು ಆ ಭಾಗವನ್ನು ಯಾವಾಗಲೂ ಜೀರಿಗೆಗೆ ಹರಿದಿರುತ್ತಿದ್ದರು. ಗೋಡೆಗೆ ತಿರುಗಿದ್ದ ಅಜ್ಜಿ ಇತ್ತ ತಿರುಗಿದಳು. ಆಮೇಲೇನಾಯ್ತವ್ವಾ ಎಂದು ಕೇಳಿದಳು. ಊರಿಂದ ಬಂದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ ಅದು.

ಅಂದಿನಿಂದ ದಿನಾ ಸಂಜೆ ಓದು. ಅಜ್ಜಿ ಅನ್ನ ಉಂಡಳು, ಹೊಗೆಸೊಪ್ಪು ಕೇಳಿದಳು, ಟ್ರಂಕಿನ ಹೆಂಗಸಿನ ಅತ್ತೆಯನ್ನು ಬಾಯ್ತುಂಬ ಬೈದಳು. ಊರಿಗೆ ಕಳಿಸಿ ಎನ್ನುವ ಮಾತೇ ನಿಂತುಹೋಯಿತು. ಓದು ಬಾರದಿದ್ದರೂ ಚಿತ್ರಗಳನ್ನೆಲ್ಲ ಒಂದೊಂದಾಗಿ ಕೈಯಲ್ಲಿ ಹಿಡಿದು ಗುರುತು ಮಾಡಿಕೊಂಡಿದ್ದಳು. ಆದರೆ ಒಂದು ದಿನ ಸಿಕ್ಕಿದ ತುಂಡಿನ ಕೊನೆಯಲ್ಲಿ 'ಮುಂದಿನ ಸಂಚಿಕೆಯಲ್ಲಿ ಮುಕ್ತಾಯ' ಎಂದಿತ್ತು. ಆ ಮುಂದಿನದು ಸಿಗಲೇ ಇಲ್ಲ!

ಹುಡುಕದ ಅಂಗಡಿಯಿಲ್ಲ. ಕೊನೆಗೆ ರದ್ದಿಯ ಮೂಲಕ್ಕೇ ಹೋಗಬೇಕೆಂದು ಹಟ ಹಿಡಿದು ನನ್ನ ಸೈಕಲ್ಲಿನ ಕ್ಯಾರಿಯರ್ ಏರಿ ಕೂತಳು. ಜೂಜುವಾಡಿಯ ರದ್ದಿ ಗೋಡೌನಿಗೆ ಹೋಗಿ ಕಾಗದದ ಗುಡ್ಡ ಹತ್ತಿದವಳು ಮಧ್ಯಾಹ್ನವಾದರೂ ಇಳಿಯಲಿಲ್ಲ. ಏನು ಹುಡುಕುತ್ತಿದ್ದೀರಿ ಎಂದು ಮಾಲೀಕ ತಮಿಳಿನಲ್ಲಿ ಕೇಳಿದ. ಒಬ್ಬಳು ಹೆಂಗಸು, ಅತ್ತೆಮನೆ ಬಿಟ್ಟು ಬಂದಿದ್ದಾಳೆ, ಕೈಯಲ್ಲಿ ಟ್ರಂಕಿದೆ, ಆಮೇಲೆ ಏನಾದಳೋ ಗೊತ್ತಿಲ್ಲ ಎಂದೆ. ಅವನು ಗಾಬರಿಯಾಗಿ, ಪೊಲೀಸರಿಗೆ ತಿಳಿಸಿದಿರಾ ತಂಬಿ ಎಂದು ಮೇಲೆದ್ದುಬಿಟ್ಟ!

ಬರಿಗೈಯಲ್ಲಿ ಬಂದೆವು. ದಿನಾ ಸಂಜೆ ಅವಳು ಅಜ್ಜಿಗೆ ಸಿಗಲಿಲ್ಲ ಎಂದು ವರದಿ ಒಪ್ಪಿಸಿ, ಹಳೆಯ ಕಂತುಗಳನ್ನೇ ಮತ್ತೆ ಓದುತ್ತಿದ್ದಳು. ಹೀಗೆ ಎರಡು ಮೂರು ವಾರ ಕಳೆದವು. ಇದ್ದಕ್ಕಿದ್ದಂತೆ ಹುಡುಕಾಟ ನಿಂತಿತು. ಹೊಸ ಕಂತು ಸಿಕ್ಕಿದೆ, ಓದುಗರ ಒತ್ತಾಯದ ಮೇರೆಗೆ ಕಥೆಯನ್ನು ಮುಂದುವರಿಸಿದ್ದಾರೆ ಎಂದು ಅವಳೇ ಘೋಷಿಸಿದಳು. ಯಾವ ಓದುಗರು, ಯಾವ ಒತ್ತಾಯ ಎಂದು ಕೇಳುವ ಬುದ್ಧಿ ನನಗೆ ಬಂತೇ? ಇಲ್ಲ!

ಟ್ರಂಕಿನ ಹೆಂಗಸು ರೈಲು ಹತ್ತದೆ ಬಸ್ಸು ಹತ್ತಿದಳು. ಹೊಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಹೂ ಮಾರಿದಳು. ಕೃಷ್ಣಗಿರಿಯ ಮಾವಿನ ಮಂಡಿಯಲ್ಲಿ ಜಗಳವಾಡಿದಳು. ಅಲ್ಲಿಂದ ಅಂಚೆಟ್ಟಿಯ ಕಾಡಿಗೆ ಹೋಗಿ ಆನೆಯ ಎದುರು ನಿಂತಳು. ಅಲ್ಲಿ ಸೊಂಟ ಮುರಿದ ಮುದುಕಿಯೊಬ್ಬಳು ಆನೆಯನ್ನು ಗದರಿಸಿ ಓಡಿಸಿ ಇವಳಿಗೆ ಮುದ್ದೆ ಹಾಕಿದಳು. ಆ ಮುದುಕಿ ಭಾಳ ಒಳ್ಳೇವ್ಳು ಕಣವ್ವಾ ಎಂದು ಅಜ್ಜಿ ತೀರ್ಪು ಕೊಟ್ಟಳು. ಅಂಚೆಟ್ಟಿಗೆ ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಇನ್ನೊಂದಿಲ್ಲ ಎಂಬುದು ಬೆಂಗಳೂರಿನ ಲೇಖಕರಿಗೆ ಎಷ್ಟು ಸರಿಯಾಗಿ ಗೊತ್ತಿದೆ ಎಂದು ನಾನು ಬೆರಗಾದೆ.

ಒಂದು ಸಂಜೆ ಅವಳ ಬೆನ್ನ ಹಿಂದಿನಿಂದ ಇಣುಕಿದೆ. ಅವಳ ಕೈಯಲ್ಲಿದ್ದದ್ದು ತಮಿಳು ಕಾಗದ! ಅದು ನನಗೆ ಓದಲು ಬರುವ ಭಾಷೆಯಲ್ಲವೇ? ಗೊಬ್ಬರದ ಜಾಹೀರಾತು, ಬೆರೆಸಿ ಹಾಕುವ ವಿಧಾನ. ಅದರ ಮೇಲೆ ಕಣ್ಣಾಡಿಸುತ್ತ ಅವಳು ಎಲ್ಲಿಯೂ ತಡವರಿಸದೆ ಟ್ರಂಕಿನ ಹೆಂಗಸಿನ ಕಥೆ ಓದುತ್ತಿದ್ದಳು. ಆಮೇಲೆ ಹಿತ್ತಲಿಗೆ ಎಳೆದುಕೊಂಡು ಹೋಗಿ ಕೇಳಿದೆ.

"ಕೊನೇದು ಇಲ್ದಿದ್ರೇನಂತೆ, ನಾನೇ ಕಟ್ಟಿ ಯೋಳ್ತಾ ಇವ್ನಿ. ಅಜ್ಜಿಗೆ ಯೋಳ್ಬುಡಬೇಡ ಕಣಣ್ಣ" ಎಂದಳು.

ಹತ್ತು ವರ್ಷದ ಹುಡುಗಿಯ ಧೈರ್ಯಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ. ಅದೇ ವಾರ ಇನ್ನೊಂದಾಯಿತು. ಎಲೆ ಅಡಿಕೆಗೆ ಸುಣ್ಣ ಬೇಕೆಂದು ಅಜ್ಜಿಯ ಎಲೆಚೀಲಕ್ಕೆ ಕೈ ಹಾಕಿದರೆ ತಳದಲ್ಲಿ ಮಡಿಸಿದ ಕಾಗದವೊಂದು ಸಿಕ್ಕಿತು. ಮೇಲೆ ಟ್ರಂಕಿನ ಹೆಂಗಸಿನ ಚಿತ್ರ. ರೈಲಿನ ಬಾಗಿಲಲ್ಲಿ ನಿಂತಿದ್ದಾಳೆ, ನಾನೆಂದೂ ನೋಡದ ಚಿತ್ರ! ಬಸ್‌ಸ್ಟ್ಯಾಂಡಿನ ಬೀಡಾ ಅಂಗಡಿಯಿಂದ ಹೊಗೆಸೊಪ್ಪು ಕಟ್ಟಿಸಿಕೊಂಡು, ಬಿಚ್ಚಿ ನೋಡದೆ ಇದನ್ನು ತಂದುಕೊಟ್ಟವನು ನಾನೇ ಎಂದು ಅದರ ಘಾಟಿನಿಂದ ಗೊತ್ತಾಯಿತು, ಅದೂ ಜೂಜುವಾಡಿಗೆ ಸೈಕಲ್ ತುಳಿದು ಬಂದ ಮಾರನೆಯ ವಾರವೇ. ಅಜ್ಜಿ ಗಬಕ್ಕನೆ ನನ್ನ ಮಣಿಕಟ್ಟು ಹಿಡಿದಳು.

"ಅಲ್ಲೇ ಮಡಗ್ಲಾ. ಕತೆ ಮುಗ್ದೋದ್ರೆ ಆ ಮಗ ನನ್ತಾವ ಯಾಕ್ ಬತ್ತದೆ? ಅದ್ಕೆ ಯೋಳ್ಬ್ಯಾಡ ಕಣ್ಲಾ."

ನೋಡಿ ನನ್ನ ಪಾಡು! ಮೊಮ್ಮಗಳ ಗುಟ್ಟು ಅಜ್ಜಿಗೆ ಹೇಳುವಂತಿಲ್ಲ, ಅಜ್ಜಿಯ ಗುಟ್ಟು ಮೊಮ್ಮಗಳಿಗೆ ಹೇಳುವಂತಿಲ್ಲ. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನಾನು ಫುಟ್‌ಬಾಲು ಒದೆಯುತ್ತಿದ್ದೆ. ಇವರಿಬ್ಬರಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಸಣ್ಣ ಜಂಬವೂ ಇತ್ತು. ಹೆಚ್ಚು ದಿನ ಇರಲಾರಳು ಎಂದುಕೊಂಡಿದ್ದ ಅಜ್ಜಿ ಇನ್ನೂ ನಾಲ್ಕು ವರ್ಷ ಇದ್ದಳು. ಟ್ರಂಕಿನ ಹೆಂಗಸು ಒಂದು ಸಂಜೆಯೂ ತಪ್ಪಿಸಲಿಲ್ಲ. ಅಷ್ಟರಲ್ಲಿ ಅವಳು ಊರಿನ ಪಂಚಾಯ್ತಿಗೂ ಗೆದ್ದಿದ್ದಳು.

ಅಜ್ಜಿ ತೀರಿಕೊಂಡಾಗ ನಾನು ಅಳಲಿಲ್ಲ. ಫ್ಯಾಕ್ಟರಿ ಕೆಲಸ ಸಿಕ್ಕಿ ದೊಡ್ಡವನಾಗಿದ್ದೆ, ಅಳಬಾರದೆಂದುಕೊಂಡಿದ್ದೆ. ತಿಥಿ ಕಳೆದ ಮೇಲೆ ಅವಳ ಎಲೆಚೀಲ ನನ್ನ ಕೈಗೆ ಬಂತು. ಕಾಗದ ಅಲ್ಲೇ ಇತ್ತು, ಹೊಗೆಸೊಪ್ಪಿನ ಘಾಟು ಹಾಗೇ ಇತ್ತು. ಅಷ್ಟು ಹೊತ್ತಿಗೆ ನನಗೂ ಕನ್ನಡ ಓದಲು ಬರುತ್ತಿತ್ತು. ಮೊದಲ ಸಲ ಅದನ್ನು ಪೂರ್ತಿ ಬಿಚ್ಚಿದೆ. ಹೆಂಗಸು ರೈಲು ಹತ್ತುತ್ತಾಳೆ, ತವರು ತಲುಪುವ ಹೊತ್ತಿಗೆ ತಾಯಿ ಇರುವುದಿಲ್ಲ. ಅಲ್ಲಿಗೆ ಕಥೆ ಮುಗಿಯುತ್ತದೆ. ಕೊನೆಯಲ್ಲಿ 'ಮುಗಿಯಿತು' ಎಂದು ಅಚ್ಚಾಗಿತ್ತು.

ಅಚ್ಚಾಗಿದ್ದ ಆ ಪದದ ಮೇಲೆ ನೇರಳೆ ಬಣ್ಣದ ಗೆರೆ ಎಳೆದಿತ್ತು. ಕೆಳಗೆ ಹತ್ತು ವರ್ಷದವಳ ಗುಂಡಗಿನ ಅಕ್ಷರದಲ್ಲಿ ನೇರಳೆಯಾಗಿ 'ಮುಂದುವರಿಯುವುದು' ಎಂದು ಬರೆದಿತ್ತು.

ನಮ್ಮ ಮನೆಗೆ ಬಂದ ಕಾಗದವೊಂದು ಅವಳು ಓದದೆ ಉಳಿದೀತೆಂದು ನಾನು ಹೇಗೆ ನಂಬಿದೆನೋ! ಓದಿ, ಮೊದಲಿದ್ದಂತೆಯೇ ಮಡಿಸಿ, ಅಜ್ಜಿ ಬಚ್ಚಿಟ್ಟ ಜಾಗದಲ್ಲೇ ಇಟ್ಟಿದ್ದಳು. ಅಳಬಾರದೆಂದುಕೊಂಡಿದ್ದವನು ಆ ಎಲೆಚೀಲ ಹಿಡಿದುಕೊಂಡು ಅತ್ತುಬಿಟ್ಟೆ. ಅವಳು ಬಂದು ಕಾಗದ ನೋಡಿದಳು, ನನ್ನನ್ನು ನೋಡಿದಳು, ಖಾಲಿ ಮಂಚದ ತಲೆದೆಸೆಯಲ್ಲಿ, ದಿನಾ ಓದಲು ಕೂರುತ್ತಿದ್ದ ಜಾಗದಲ್ಲೇ ಕೂತಳು.

"ಆಮೇಲೇನಾಯ್ತವ್ವಾ?" ಎಂದು ನಾನು ಕೇಳಿದೆ.