ಕೊರಿಯಾದ ಸೋದರಮಾವನ ಬಗ್ಗೆ ಹಿಂದೂಪುರದಿಂದ ಒಂದು ತಕರಾರು

ಕೊರಿಯಾ ಮತ್ತು ಜಪಾನ್ ದೇಶಗಳಲ್ಲಿ ಕುಳಿತು ಒಡೆದ ಸಂಸಾರಗಳ, ಕೂಡಬಾರದ ಪ್ರೇಮಗಳ ಧಾರಾವಾಹಿ ಬರೆಯುತ್ತಿರುವ ಸಮಸ್ತ ಮಾನ್ಯರೇ,

ಹಿಂದೂಪುರದ ಹುಣಸೆ ಮಂಡಿಯಿಂದ ಸುಷ್ಮಾ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ತಮ್ಮ ನಾಯಕಿಯರ ಕ್ಷೇಮ ವಿಚಾರಿಸುವ ಧೈರ್ಯ ನನಗಿಲ್ಲ, ಏಕೆಂದರೆ ನಾನು ಕೊನೆಯ ಸಲ ನೋಡಿದಾಗ ಒಬ್ಬಳು ಲಾರಿಯ ಎದುರಿಗೂ ಇನ್ನೊಬ್ಬಳು ಅತ್ತೆಯ ಎದುರಿಗೂ ನಿಂತಿದ್ದಳು. ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುತ್ತಿರುವುದಕ್ಕೆ ಕ್ಷಮೆ ಕೋರಬೇಕೆಂದಿದ್ದೆ. ನನ್ನ ಸಮಯವನ್ನು ತಾವು ಹಾಳುಮಾಡಿರುವುದು ನೆನಪಾಗಿ ಆ ಮಾತನ್ನು ಕೈಬಿಟ್ಟಿದ್ದೇನೆ.

ನಾನು ಹೆಚ್ಚು ಓದಿದವಳಲ್ಲ. ಹತ್ತನೇ ತರಗತಿಯಲ್ಲಿ ಗಣಿತಕ್ಕೂ ನನಗೂ ಹೊಂದಾಣಿಕೆಯಾಗದೆ ಬೇರೆಯಾದೆವು, ಮತ್ತು ತಮ್ಮ ಕಥೆಗಳಲ್ಲಿ ಆಗುವಂತೆ ವಿಮಾನ ನಿಲ್ದಾಣದಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಓಡಲಿಲ್ಲ. ಆಮೇಲೆ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋದೆ, ಮೊಬೈಲ್ ಅಂಗಡಿಯಲ್ಲಿ ನಿಂತೆ, ಎಲ್ಲಿಯೂ ಕೂತಲ್ಲಿ ಕೂರದೆ ಈಗ ಅಮ್ಮನ ಜೊತೆ ಮಂಡಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದೇನೆ. ನನ್ನ ಫೋನನ್ನು ಹಣ್ಣಿನ ರಾಶಿಗೆ ಒರಗಿಸಿಟ್ಟು ತೆಲುಗಿಗೆ ಡಬ್ ಆದ ತಮ್ಮ ಧಾರಾವಾಹಿಗಳನ್ನು ಇಡೀ ಮಂಡಿಯ ಹೆಂಗಸರು ನೋಡುತ್ತಾರೆ. ಎಲ್ಲರ ಕೈಯೂ ಅಂಟು, ಆದ್ದರಿಂದ ಜಾಹೀರಾತು ಬಂದರೆ ನಾನು ಮೊಣಕೈಯಿಂದ ದಾಟಿಸಬೇಕು. ತಮಗಾಗಿ ನಾವು ಪಟ್ಟಿರುವ ಕಷ್ಟ ತಿಳಿಯಲೆಂದು ಇಷ್ಟು ಬರೆದೆ.

ಜಪಾನಿನ ಮಾನ್ಯರೇ, ತಮ್ಮ ಸಂಸಾರದ ಕಥೆಗಳನ್ನು ಕಂಡರೆ ನಮಗೆ ಬಹಳ ಗೌರವ. ಗಂಡ ಹೆಂಡತಿ ಎದುರುಬದುರು ಕುಳಿತು ಚಹಾ ಕುಡಿಯುತ್ತಾರೆ, ಕಿಟಕಿ ನೋಡುತ್ತಾರೆ, ಲೋಟ ತೊಳೆಯುತ್ತಾರೆ. ಇದನ್ನೇ ಮದುವೆ ಮುರಿದುಬಿದ್ದದ್ದು ಎಂದು ತಾವು ಕರೆಯುತ್ತೀರಿ. ನಮ್ಮ ಮಂಡಿಗೆ ಹಿರಿಯಳಾದ ಈರಕ್ಕ ಅದನ್ನು ನೋಡಿ, "ಒಂದ್ ಬೈಗುಳ ಇಲ್ಲ, ಒಂದ್ ಪಾತ್ರೆ ಎಸೆಯಾದಿಲ್ಲ, ಎಷ್ಟ್ ಅನ್ಯೋನ್ಯವಾಗವ್ರೆ ನೋಡ್ರಮ್ಮಾ" ಎಂದು ಕಣ್ಣೊರೆಸಿಕೊಂಡಳು. ಆದರೆ ಮುಂದೆ ಅದೇ ಕಥೆಯಲ್ಲಿ ತಾವು ಒಬ್ಬ ಹುಡುಗಿಗೆ ಅವಳ ಚಿಕ್ಕಪ್ಪನ ಮಗನನ್ನೇ ಜೋಡಿ ಮಾಡಿ, ಹೂವು ಉದುರಿಸಿ, ಪಿಟೀಲು ನುಡಿಸಿದಿರಿ. ಅಣ್ಣ ತಮ್ಮಂದಿರ ಮಕ್ಕಳು ನಮ್ಮಲ್ಲಿ ಅಣ್ಣ ತಂಗಿ. "ಥೂ, ಒಡಹುಟ್ಟಿದೋರು ಕಣಮ್ಮ, ಮಕಾಡೆ ಹಾಕೇ ಫೋನು!" ಎಂದು ಈರಕ್ಕ ಕೂಗಿದಳು. ಹಾಗೆ ಮಕಾಡೆ ಮಲಗಿದ ತಮ್ಮ ಪ್ರೇಮಕಥೆ ಹುಣಸೆ ನಾರಿನಲ್ಲಿ ಅಂಟಿಕೊಂಡು ಅಲ್ಲಿಯೇ ಮುಗಿಯಿತು.

ಇದನ್ನು ನೋಡಿಯಾದರೂ ನಾನು ಬುದ್ಧಿ ಕಲಿಯಬೇಕಿತ್ತು. ಕಲಿಯದೆ ಕೊರಿಯಾದ ಮಾನ್ಯರ ಸಹಾಯ ಬೇಡಿದೆ.

ಸಂಗತಿ ಏನೆಂದರೆ, ನನ್ನ ಅಮ್ಮ ಶಿವಲಕ್ಷ್ಮಮ್ಮನ ತಮ್ಮ ತಿರುಮಲೇಶನಿಗೆ ನನ್ನನ್ನು ಕೊಡಬೇಕೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮ ಕಡೆ ತಪ್ಪಲ್ಲ, ಹಕ್ಕು. ತಿರುಮಲೇಶ ಮಾವ ಕಲ್ಯಾಣದುರ್ಗದಲ್ಲಿ ಜೀಪು ಓಡಿಸುತ್ತಾನೆ. ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಕಡಲೆಕಾಯಿ ಮೂಟೆಯ ಮೇಲೆ ಕೂತ ಮುದುಕಿಯರನ್ನು ಇಳಿಸುವಾಗ ಕೈಹಿಡಿದು ಇಳಿಸುತ್ತಾನೆ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವನು, ನನ್ನ ಸಿಂಬಳವನ್ನು ತನ್ನ ಅಂಗಿಯ ತುದಿಯಿಂದ ಒರೆಸಿದವನು. ಅವನೆಂದರೆ ನನಗೆ ಪ್ರಾಣ. ಆದರೆ ಅವನ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ಕೂರುವುದನ್ನು ನೆನೆದರೆ ನನಗೆ ಆ ಸಿಂಬಳದ ಅಂಗಿಯೇ ಕಣ್ಣಮುಂದೆ ಬರುತ್ತದೆ. ಈ ವರ್ಷ ತಾಂಬೂಲ ಬದಲಾಯಿಸಿ ಮಾತು ಗಟ್ಟಿ ಮಾಡಬೇಕೆಂದು ಅಮ್ಮ ಹೊರಟಾಗ, ತಮ್ಮ ಒಂದು ಧಾರಾವಾಹಿ ನನಗೆ ದೇವರು ಬಂದಂತೆ ಬಂತು.

ತಮಗೆ ನೆನಪಿರಬಹುದು. ಕೆಟ್ಟ ಗಂಡನ ಕೈಯಲ್ಲಿ ನರಳುವ ನಾಯಕಿ, ಅವಳಿಗೆ ಬೆಚ್ಚಗೆ ಕೋಟು ಹೊದಿಸುವ ಒಳ್ಳೆಯ ಗೆಳೆಯ, ಇನ್ನೇನು ಇಬ್ಬರೂ ಒಂದಾಗಬೇಕೆನ್ನುವಾಗ ಆತ ನಾಯಕಿಯ ತಾಯಿಯ ಕಳೆದುಹೋಗಿದ್ದ ತಮ್ಮನೆಂದು ಬಯಲಾಗುತ್ತದೆ. ನಾಯಕಿ ಎದೆ ಬಡಿದುಕೊಂಡು ಮಳೆಯಲ್ಲಿ ಓಡುತ್ತಾಳೆ. ನಾನು ಮೊದಲೇ ನೋಡಿದ್ದೆ. ಈ ಕಂತನ್ನು ಅಮ್ಮ ನೋಡಿದರೆ ನನ್ನ ಸಂಕಟ ಅವಳಿಗೆ ತಾನಾಗಿಯೇ ಅರ್ಥವಾಗುತ್ತದೆಂದು ನಂಬಿ, ಒಂದು ಕಂತೂ ತಪ್ಪಿಸದೆ ಇಡೀ ಮಂಡಿಗೆ ತೋರಿಸುತ್ತಾ ಬಂದೆ.

ಗುಟ್ಟು ಬಯಲಾಯಿತು. ಈರಕ್ಕ ಹುಣಸೆ ಕುಟ್ಟುವ ಕೊಡತಿಯನ್ನು ಕೆಳಗಿಟ್ಟು ಎದ್ದು ನಿಂತಳು. "ಮೇನಮಾಮ ಅಂತೆ ಕಣ್ರಮ್ಮಾ, ಸೋದರಮಾವ! ಮದ್ವೆಗೆ ವರಸೆ ಕೂಡ್ಬಂದ್ಬುಡ್ತು! ಇನ್ನೇನ್ ಅಡ್ಡಿ, ತಾಳಿ ಕಟ್ಸಿ ಮುಗ್ಸಿ ಅನ್ರಿ!" ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು, ಅಂಟು ಕೈಗಳ ಚಪ್ಪಾಳೆ, ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು. ನಾಯಕಿ ಮಳೆಯಲ್ಲಿ ಗೋಳಾಡುತ್ತಿದ್ದಳು. ಅಮ್ಮ ತುಂಬಿದ ಕಣ್ಣುಗಳಿಂದ, "ಪಾಪ, ಸಂತೋಷ ತಡೀಲಾರ್ದೆ ಅಳ್ತೈತೆ ಕೂಸು" ಎಂದಳು. ಮುಂದೆ ತಾವು ಆ ಮಾವನನ್ನು ಯಾವುದೋ ದ್ವೀಪಕ್ಕೆ ಕಳುಹಿಸಿದಾಗ ಮಂಡಿಯಲ್ಲಿ ಸೂತಕ. ತಮ್ಮ ವಂಶದ ಬಗ್ಗೆ ಈರಕ್ಕ ಆಡಿದ ಮಾತುಗಳನ್ನು ಸಭ್ಯತೆಯ ಕಾರಣದಿಂದ ಇಲ್ಲಿ ಬರೆಯುತ್ತಿಲ್ಲ. ಅಮ್ಮ ಮಾತ್ರ ಅಂದೇ ಕಲ್ಯಾಣದುರ್ಗಕ್ಕೆ ಫೋನು ಮಾಡಿ ಬರುವ ದಿನ ತಿಳಿಸಿದಳು.

ಕಲ್ಯಾಣದುರ್ಗದ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ತಮ್ಮನ್ನೇ ಧ್ಯಾನಿಸಿದೆ. ತಮ್ಮ ಕಥೆಗಳಲ್ಲಿ ಇಷ್ಟವಿಲ್ಲದ ಮದುವೆಯನ್ನು ನಿಲ್ಲಿಸಲು ಎಷ್ಟೊಂದು ಅನುಕೂಲಗಳಿವೆ! ಒಬ್ಬಳಿಗೆ ನೆನಪು ಹೋಗುತ್ತದೆ, ಒಬ್ಬಳಿಗೆ ರಕ್ತದ ಕಾಯಿಲೆ ಬರುತ್ತದೆ, ಏನೂ ಆಗದಿದ್ದರೆ ಕರಿ ಕಾರಿನಲ್ಲಿ ಒಬ್ಬ ಬಂದು ಮುಂಗೈ ಹಿಡಿದು ಎಳೆದೊಯ್ಯುತ್ತಾನೆ. ನನ್ನ ತಲೆಯನ್ನು ಬಸ್ಸಿನ ಕಂಬಿಗೆ ತಾಗಿಸಿ ನೋಡಿದೆ, ಎಲ್ಲ ನೆನಪೂ ಹಾಗೇ ಇತ್ತು. ತಕ್ಕ ಸಮಯಕ್ಕೆ ಮಳೆ ಬರಿಸುವುದಂತೂ ಬರದ ಸೀಮೆಯಾದ ಕಲ್ಯಾಣದುರ್ಗದಲ್ಲಿ ತಮ್ಮಿಂದಲೂ ಆಗುವ ಕೆಲಸವಲ್ಲ.

ಅಮ್ಮನ ತಾಯಿ ನಾರಮ್ಮಜ್ಜಿಯ ಮನೆಯಲ್ಲಿ ಎಲೆ ಅಡಿಕೆಯ ತಟ್ಟೆ ಸಿದ್ಧವಾಗಿತ್ತು. ಮಾವ ಹೊಸ ಅಂಗಿ ಹಾಕಿ ಬಾಗಿಲ ಪಕ್ಕ ನಿಂತಿದ್ದ. ಅಮ್ಮ ತಟ್ಟೆಗೆ ಕೈ ಹಾಕಿದಳು. ಯಾರೂ ಬಾಗಿಲು ಒದ್ದು ಒಳಗೆ ಬರಲಿಲ್ಲ. ಆದ್ದರಿಂದ ನಾನೇ, "ತಿರುಮಲೇಶ ಮಾವನ್ನ ಮದ್ವೆ ಆಗಾಕೆ ನಂಗೆ ಇಷ್ಟ ಇಲ್ಲ" ಎಂದೆ.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ. ಅಜ್ಜಿ ತಕ್ಷಣ ಕೇಳಿದ್ದು, "ಯಾರನ್ನ ನೋಡ್ಕಂಡಿದ್ದೀಯೇ?" ಎಂದು. ಯಾರೂ ಇಲ್ಲ ಎಂದೆ. "ಯಾರೂ ಇಲ್ದೆ ಯಾರಾನಾ ಬ್ಯಾಡ ಅಂತಾರೇನೇ?" ಎಂದಳು. ಮಾನ್ಯರೇ, ಅಜ್ಜಿ ತಮ್ಮ ಧಾರಾವಾಹಿಯನ್ನು ಒಂದು ದಿನವೂ ನೋಡಿಲ್ಲ, ಆದರೂ ತಮ್ಮ ಸಿದ್ಧಾಂತವೇ ಅವಳದ್ದೂ. ತಮ್ಮ ಯಾವ ನಾಯಕಿಯೂ ಇನ್ನೊಬ್ಬ ಗಂಡಸು ಕಾಯುತ್ತಿಲ್ಲದೆ ಒಬ್ಬ ಗಂಡಸನ್ನು ಬೇಡವೆಂದದ್ದನ್ನು ನಾನು ಕಂಡಿಲ್ಲ.

ಅಜ್ಜಿ ನನ್ನ ಫೋನು ಕಸಿದುಕೊಂಡಳು. ಅದರ ಪರದೆಯ ಮೇಲೆ ತಮ್ಮ ನಾಯಕ ಕೋಟು ಹಿಡಿದು ನಿಂತಿದ್ದ. "ಇವ್ನೇನಾ? ಬೆಳ್ಳಗವ್ನೆ. ಯಾರ ಪೈಕಿ?" ಎಂದಳು. ಅಮ್ಮ ಹಣೆ ಚಚ್ಚಿಕೊಂಡು, "ಅವ್ನು ಮೇನಮಾಮ ಕಣಮ್ಮ!" ಎಂದದ್ದೇ ತಡ, ಅಜ್ಜಿ ಕಂಗಾಲಾಗಿ, "ಇನ್ನೊಬ್ಬ ಮಾವ ಎಲ್ಲಿಂದ ಬಂದ್ನೇ? ನಾನು ಹೆತ್ತಿದ್ದು ಒಂದೇ ಗಂಡು!" ಎಂದು ಕುಸಿದು ಕುಳಿತಳು. ಅವಳಿಗೆ ಕೊರಿಯಾ ಎಲ್ಲಿದೆಯೆಂದು ತಿಳಿಸುವಷ್ಟರಲ್ಲಿ ಕಾಫಿ ಆರಿತ್ತು. ಅಮ್ಮ ನನ್ನತ್ತ ತಿರುಗಿ, "ಆ ಹುಡ್ಗಿ ಮಾವ ಸಿಗ್ಲಿಲ್ಲ ಅಂತ ಮಳೇಲಿ ಬಿದ್ದು ಹೊರಳಾಡ್ತಾಳೆ. ನಿಂಗೆ ಕೂತಲ್ಲಿಗೆ ಬಂದೈತೆ, ಬ್ಯಾಡ ಅಂತೀಯಲ್ಲೇ!" ಎಂದಳು.

ಮಾವ ಬಾಗಿಲ ಬಳಿಯಿಂದ ಒಂದು ಹೆಜ್ಜೆ ಮುಂದೆ ಬಂದ. "ನಾನೇನ್ ತಪ್ಪು ಮಾಡ್ದೆ ಸುಷ್ಮಾ?" ಎಂದ. ಅವನು ಏನೂ ತಪ್ಪು ಮಾಡಿರಲಿಲ್ಲ. ತಮ್ಮ ಕಥೆಗಳಲ್ಲಿ ಬೇಡವಾದವನು ಕುಡುಕನಾಗಿರುತ್ತಾನೆ, ಹೊಡೆಯುವವನಾಗಿರುತ್ತಾನೆ. ಒಳ್ಳೆಯವನನ್ನು ಬೇಡವೆನ್ನುವಾಗ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಾವು ಯಾರೂ ಹೇಳಿಕೊಟ್ಟಿಲ್ಲ. "ನೀನು ಮಾವನೇ ಕಣೋ. ಮಾವನಾಗೇ ಇರು" ಎಂದೆ. ಅದು ಅವನಿಗೆ ಸಮಾಧಾನವಾಗಲಿಲ್ಲ. ಅವನಿಗೆ ನಾನು ಇಷ್ಟವಿದ್ದೆ ಎಂಬುದು ನನಗೆ ಆಗ ಗೊತ್ತಾಯಿತು.

ಅಷ್ಟಾದರೂ ಅವನೇ ನಮ್ಮನ್ನು ಜೀಪಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ಅಮ್ಮ ಹಿಂದೆ ಮುಖ ತಿರುಗಿಸಿ ಕುಳಿತಿದ್ದಳು. ದಾರಿಯಲ್ಲಿ ಅವನು ಮೆಲ್ಲಗೆ, "ನಾನೇ ಒಲ್ಲೆ ಅಂದೆ ಅಂತ ಊರಿಗೆಲ್ಲ ಯೋಳ್ಬುಡ್ತೀನಿ. ಗಂಡ್ಸು ಅಂದ್ರೆ ಎಲ್ಡು ದಿನ ಆಡ್ಕಂಡು ಸುಮ್ಕಾಯ್ತಾರೆ. ನಿನ್ ಮ್ಯಾಲೆ ಮಾತು ಬರಾದು ಬ್ಯಾಡ" ಎಂದ. ತಾವಾಗಿದ್ದರೆ ಇಲ್ಲಿ ಹಾಡು ಹಾಕಿ, ನನ್ನನ್ನು ಅಳಿಸಿ, ಅವನ ತ್ಯಾಗಕ್ಕೆ ಸೋತು ಅವನನ್ನೇ ಮದುವೆಯಾಗುವಂತೆ ಮಾಡುತ್ತಿದ್ದಿರಿ. ನನಗೂ ಅಳು ಬಂತು. ಆದರೆ, "ಬ್ಯಾಡ ಮಾವ. ನೀನು ಒಲ್ಲೆ ಅಂದಿಲ್ಲ. ನಾನು ಅಂದೆ, ಹಂಗೇ ಯೋಳು" ಎಂದೆ. ಅವನು ಗೇರು ಬದಲಾಯಿಸಿದ.

ಅಮ್ಮ ಈಗ ನನ್ನೊಡನೆ ನೇರವಾಗಿ ಮಾತಾಡುವುದಿಲ್ಲ. ಪಕ್ಕದಲ್ಲೇ ಕುಳಿತು, "ಈರಕ್ಕಾ, ಅವ್ಳು ಉಂಡ್ಳೇನೋ ಕೇಳು" ಎನ್ನುತ್ತಾಳೆ. ಮಂಡಿಯಲ್ಲಿ ನನ್ನ ಮೇಲೆ ಹತ್ತು ಕಥೆ ಹುಟ್ಟಿವೆ. ಅವುಗಳಲ್ಲಿ ಮೂರ್ನಾಲ್ಕು ತಮ್ಮವಕ್ಕಿಂತ ಚೆನ್ನಾಗಿವೆ. ಈ ನಡುವೆ ಕಲ್ಯಾಣದುರ್ಗದಿಂದ ಹುಣಸೆಹಣ್ಣಿನ ಜೊತೆ ಬಂದ ಒಬ್ಬಾಕೆ ಮಾವನ ಜೀಪಿನಲ್ಲಿ ಕೇಳಿದ್ದನ್ನು ಹೇಳಿದಳು. ತುಂಬಿದ ಜೀಪಿನಲ್ಲಿ ಯಾರೋ, ಅಕ್ಕನ ಮಗಳ ಸಂಬಂಧ ಯಾಕಪ್ಪ ತಪ್ಪಿತು, ಹುಡುಗಿ ಯಾರ ಹಿಂದಾದರೂ ಹೋದಳಾ ಎಂದರಂತೆ. ಮಾವ ರಸ್ತೆಯಿಂದ ಕಣ್ಣು ತೆಗೆಯದೆ, "ಯಾರ್ ಹಿಂದೂ ಓಗಿಲ್ಲ. ಇಷ್ಟ ಇಲ್ಲ ಅಂತು, ಅಷ್ಟೇ ಕಣಪ್ಪ. ಮುಂದ್ಕೆ ಸರ್ಕಂಡು ಕುಂತ್ಕಳಿ, ಇನ್ನಿಬ್ರು ಹತ್ತೋರವ್ರೆ" ಎಂದನಂತೆ. ಅದನ್ನು ಕೇಳಿದ ಅಮ್ಮ ಕೊಡತಿ ಹಿಡಿದ ಕೈಯನ್ನು ಸ್ವಲ್ಪ ಹೊತ್ತು ಹಾಗೆಯೇ ಎತ್ತಿ ಹಿಡಿದಿದ್ದಳು.

ದಯವಿಟ್ಟು ತುಂಬಿದ ಜೀಪಿನ ಈ ಒಂದು ದೃಶ್ಯವನ್ನು ಚಿತ್ರೀಕರಿಸಿ ತೋರಿಸಬೇಕಾಗಿ ವಿನಂತಿ. ಮಳೆ ಬೇಡ, ಪಿಟೀಲು ಬೇಡ. ಜೀಪಿನ ಸದ್ದು ಸಾಕು.

ಇಷ್ಟೆಲ್ಲ ಆದ ಮೇಲೂ ತಮ್ಮ ಮುಂದಿನ ಕಥೆಯನ್ನು ನೋಡದೆ ಇರಲಾರದ,
ತಮ್ಮ ವಿಶ್ವಾಸಿ
ಸುಷ್ಮಾ, ಹುಣಸೆ ಮಂಡಿ, ಹಿಂದೂಪುರ

ಮತ್ತೊಂದು ಮಾತು: ಮಾವನಿಗೆ ಹೆಣ್ಣು ನೋಡುತ್ತಿದ್ದೇವೆ. ಗಂಡನ ಕಾಟ ತಾಳಲಾರದೆ ಬಿಟ್ಟುಬಂದವರು ತಮ್ಮಲ್ಲಿ ಬೇಕಾದಷ್ಟಿರುವುದರಿಂದ ಕೇಳುತ್ತಿದ್ದೇನೆ. ಎರಡನೆಯ ಸಂಬಂಧವಾದರೂ ನಡೆಯುತ್ತದೆಂದು ನಾನು ಹೇಳುತ್ತೇನೆ, ಅಜ್ಜಿ ಇನ್ನೂ ಹೇಳಿಲ್ಲ. ಹುಡುಗಿ ಒಪ್ಪಿದರೆ ಒಪ್ಪಿದೆ ಎಂದು ಬಾಯಿಬಿಟ್ಟು ಹೇಳುವವಳಾಗಿರಬೇಕು. ತಮ್ಮ ನಾಯಕರಂತೆ ಹದಿನಾರು ಕಂತು ಕಾಯಲು ಮಾವನಿಗೆ ಪುರಸೊತ್ತಿಲ್ಲ, ಜೀಪಿನಲ್ಲಿ ಜನ ಕಾಯುತ್ತಿರುತ್ತಾರೆ.